ಕೂಪನ್ನಿನ ಐದು ದರ್ಜೆ, ಕಾಡಿನೊಳಗೊಂದು ಅಂಗಡಿ

ಬರ್ಲಿನ್‌ಗೆ ಹೋದವರು ಗೋಡೆಯ ಬಗ್ಗೆ ಬರೆಯುತ್ತಾರೆ. ಬರೆಯಬೇಕಾದ್ದೇ. ಈ ಸಲ ನಾನು ಹೋಗಿದ್ದು ಮಾತ್ರ ಊಟದ ಕಥೆ ಹುಡುಕಿಕೊಂಡು. 1945ರಲ್ಲಿ ಯುದ್ಧ ಮುಗಿದಾಗ ಊರಿಗೆ ಊರೇ ಹಸಿದಿತ್ತು. ನಗರದ ಪೂರ್ವ ಭಾಗದಲ್ಲಿ ಅಧಿಕಾರ ಹಿಡಿದವರು ಕಮ್ಯುನಿಸ್ಟರು, ಎಲ್ಲರೂ ಸಮಾನರು ಎಂದು ನಂಬಿದವರು. ಆ ಹೊತ್ತಿನಲ್ಲಿ ಯಾರ ತಟ್ಟೆಗೆ ಎಷ್ಟು ಬಿತ್ತು? ಬಡಿಸುವವರ ತಟ್ಟೆಯಲ್ಲಿ ಏನಿತ್ತು? ಈ ಪ್ರಶ್ನೆ ತುಂಬಾ ದಿನದಿಂದ ತಲೆ ಕೊರೆಯುತ್ತಿತ್ತು. ತಂಗಿ ಬರ್ಲಿನ್‌ನಲ್ಲೇ ಕೆಲಸದಲ್ಲಿದ್ದಾಳೆ, ಉಳಿಯಲು ಅವಳ ಮನೆ ಇತ್ತು. ಮೇ ತಿಂಗಳು, ಬಿಸಿಲೂ ಹಿತವಾಗಿತ್ತು.

ಗುರುವಾರ: ಕಾರ್ಲ್ಸ್‌ಹೋರ್ಸ್ಟ್

ಎಸ್3 ರೈಲು ಹಿಡಿದು ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ ಇಳಿದೆ. ಅಲ್ಲಿಂದ ಮರಗಳ ನೆರಳಲ್ಲಿ ಸ್ವಲ್ಪ ದೂರ ನಡೆದರೆ ಮ್ಯೂಸಿಯಂ. 1945ರ ಮೇ 8ರ ರಾತ್ರಿ ನಾತ್ಸಿ ಜರ್ಮನಿಯ ಸೇನೆ ಶರಣಾಗತಿಗೆ ಸಹಿ ಹಾಕಿದ ಕಟ್ಟಡ ಇದು. ಸಹಿ ಬಿದ್ದ ಹಾಲ್ ಈಗಲೂ ಹಾಗೇ ಇದೆ. ಉದ್ದನೆ ಮೇಜುಗಳು, ಹಿಂದೆ ನಾಲ್ಕು ದೇಶಗಳ ಬಾವುಟಗಳು.

ಈ ಕಟ್ಟಡ ಮೊದಲು ಜರ್ಮನ್ ಸೇನಾ ಶಾಲೆಯ ಅಧಿಕಾರಿಗಳ ಊಟದ ಮನೆಯಾಗಿತ್ತು. ಸಹಿ ಮುಗಿದು ಜರ್ಮನ್ನರು ಹೊರಗೆ ಹೋದ ಮೇಲೆ ಸೋವಿಯತ್ ಸೇನೆಯ ಮಾರ್ಷಲ್ ಝುಕೋವ್ ಇದೇ ಹಾಲ್‌ನಲ್ಲಿ ಔತಣ ಕೊಟ್ಟರು. ಬೆಳಗಿನ ಜಾವದವರೆಗೂ ನಡೆಯಿತಂತೆ. ನಾಲ್ಕು ವರ್ಷ ಯುದ್ಧ ಮಾಡಿ, ಕೋಟಿಗಟ್ಟಲೆ ಜನರನ್ನು ಕಳೆದುಕೊಂಡು ಗೆದ್ದವರು. ಆ ರಾತ್ರಿಯ ಊಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ನನ್ನ ಕಥೆ ಶುರುವಾಗುವುದು ಆಮೇಲೆ. ಮೇ 13ರಂದು ಬರ್ಲಿನ್‌ನ ಮೊದಲ ಸೋವಿಯತ್ ಕಮಾಂಡೆಂಟ್ ನಿಕೊಲಾಯ್ ಬೆರ್ಝಾರಿನ್ ರೇಷನ್ ಆದೇಶ ಹೊರಡಿಸಿದರು. ಜನರನ್ನು ಐದು ಗುಂಪು ಮಾಡಿದರು. ಕಷ್ಟದ ದುಡಿಮೆಯವರಿಗೆ ಒಂದನೇ ಕಾರ್ಡು: ದಿನಕ್ಕೆ 600 ಗ್ರಾಂ ಬ್ರೆಡ್, 100 ಗ್ರಾಂ ಮಾಂಸ, 30 ಗ್ರಾಂ ಕೊಬ್ಬು. ಮಾಮೂಲಿ ಕಾರ್ಮಿಕರಿಗೆ ಎರಡನೆಯದು, ಗುಮಾಸ್ತರಿಗೆ ಮೂರನೆಯದು, ಮಕ್ಕಳಿಗೆ ನಾಲ್ಕನೆಯದು. ಗೃಹಿಣಿಯರು, ಕೆಲಸವಿಲ್ಲದ ಮುದುಕರು, ಮಾಜಿ ನಾತ್ಸಿ ಸದಸ್ಯರು ಇಂಥವರಿಗೆಲ್ಲ ಐದನೆಯದು: 300 ಗ್ರಾಂ ಬ್ರೆಡ್, 20 ಗ್ರಾಂ ಮಾಂಸ, 7 ಗ್ರಾಂ ಕೊಬ್ಬು. ಜನ ಅದಕ್ಕೆ ಸ್ಮಶಾನದ ಕಾರ್ಡು ಎಂದು ಹೆಸರಿಟ್ಟರು.

ಕಲ್ಲು ಹೊರುವವನಿಗೆ ಜಾಸ್ತಿ ಅನ್ನ ಬೇಕು, ಸರಿ. ಆದರೆ ಒಂದನೇ ಕಾರ್ಡಿನ ಸಾಲಿನಲ್ಲಿ ಇನ್ನೂ ಕೆಲವರಿದ್ದರು. ಹೆಸರಾಂತ ವಿಜ್ಞಾನಿಗಳು, ಎಂಜಿನಿಯರ್‌ಗಳು, ವೈದ್ಯರು, ಕಲಾವಿದರು. ಜೊತೆಗೆ ನಗರ ಮತ್ತು ಜಿಲ್ಲಾ ಆಡಳಿತದ ಮುಖ್ಯಸ್ಥರು. ಅಂದರೆ ರೇಷನ್ ಹಂಚುವ ಕಚೇರಿಯ ದೊಡ್ಡವರಿಗೂ ಗಾರೆ ಹೊರುವವನ ಪಾಲೇ. ಅದೇ ಗಾರೆ ಹೊರುವವನ ಮನೆಯಲ್ಲಿ ಬೆಳಗಿನಿಂದ ನೀರು, ಸೌದೆ, ಕ್ಯೂ ಎಂದು ಓಡಾಡುವ ಹೆಂಡತಿಗೆ ಐದನೇ ಕಾರ್ಡು. ಕುಸಿದ ಮನೆಗಳ ಇಟ್ಟಿಗೆ ಎತ್ತುವ ಕೆಲಸಕ್ಕೆ ಅಷ್ಟೊಂದು ಹೆಂಗಸರು ಹೋದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಇಟ್ಟಿಗೆ ಎತ್ತಿದರೆ ಕಾರ್ಡು ಮೇಲಿನ ದರ್ಜೆಗೆ ಹೋಗುತ್ತಿತ್ತು.

ಬೆರ್ಝಾರಿನ್ ಕೆಟ್ಟವರಾಗಿರಲಿಲ್ಲ, ಅದನ್ನೂ ಹೇಳಬೇಕು. ಪೂರೈಕೆ ನಿಂತುಹೋಗಿದ್ದ ನಗರಕ್ಕೆ ಹಿಟ್ಟು, ಆಲೂಗಡ್ಡೆ ತಲುಪಿಸಿದ್ದು ಅವರ ಸೇನೆ. ಅವರದೇ ದೇಶದಲ್ಲಿ ಜನ ಹಸಿದಿದ್ದರು. ಜೂನ್ 16ರಂದು ಮೋಟಾರ್‌ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡರು. ಊರಿನಲ್ಲಿ ಅವರ ಹೆಸರಿನ ಚೌಕ ಇವತ್ತಿಗೂ ಇದೆ. ದರ್ಜೆ ಪ್ರಕಾರ ಊಟ ಕೊಡುವ ಪದ್ಧತಿ ಅವರು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಸೋವಿಯತ್ ಒಕ್ಕೂಟದಲ್ಲಿ 1930ರ ದಶಕದಲ್ಲೇ ಅಧಿಕಾರಿಗಳಿಗೆ ಬೇರೆಯವರು ಕಾಲಿಡದ ಅಂಗಡಿಗಳಿದ್ದವು. ಸೇನೆಯ ಜೊತೆ ಆ ಪದ್ಧತಿಯೂ ಬಂತು.

ಕಾರ್ಡಿನ ಮೇಲೆ ಇನ್ನೊಂದಿತ್ತು. ಅದರ ಹೆಸರು ಪಯೋಕ್. ಸೋವಿಯತ್ ಆಡಳಿತ ಪಕ್ಷದ, ಸರ್ಕಾರದ ಪ್ರಮುಖರಿಗೆ ಮತ್ತು ತನಗೆ ಬೇಕಾದ ಪ್ರೊಫೆಸರು, ಕಲಾವಿದರಿಗೆ ಕೊಡುತ್ತಿದ್ದ ಆಹಾರದ ಪೊಟ್ಟಣ. ಬೆಣ್ಣೆ, ಮಾಂಸ, ಸಕ್ಕರೆ, ಸಿಗರೇಟು ಇಂಥವು ಇರುತ್ತಿದ್ದವು. ಇದರಲ್ಲೂ ದೊಡ್ಡದು, ಚಿಕ್ಕದು ಎಂಬ ಅಂತಸ್ತು. ಕಾರ್ಡಿನ ಲೆಕ್ಕ ಪೇಪರಿನಲ್ಲಿ ಅಚ್ಚಾಗುತ್ತಿತ್ತು. ಪೊಟ್ಟಣದ ಲೆಕ್ಕ ಎಲ್ಲೂ ಅಚ್ಚಾಗುತ್ತಿರಲಿಲ್ಲ.

ಸಂಜೆ ತಂಗಿಯ ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇಟ್ಟುಕೊಂಡು 7 ಗ್ರಾಂ ಬೆಣ್ಣೆ ತೂಗಿ ನೋಡಿದೆ. ಹೋಟೆಲಿನಲ್ಲಿ ಬ್ರೆಡ್ ಜೊತೆ ಕೊಡುವ ಪುಟ್ಟ ಬೆಣ್ಣೆ ಪ್ಯಾಕೆಟ್ ಇರುತ್ತಲ್ವಾ, ಅದಕ್ಕಿಂತಲೂ ಕಮ್ಮಿ. ಒಂದು ಹೋಳು ಬ್ರೆಡ್ಡಿಗೆ ಸವರಿದೆ, ಮುಗಿಯಿತು. ಸಾರಿನ ಒಗ್ಗರಣೆಗೆ ಏನೂ ಉಳಿಯಲಿಲ್ಲ. ಅದು ಒಂದು ಇಡೀ ದಿನದ ಪಾಲು. ಅದೂ ಅಂಗಡಿಗೆ ಮಾಲು ಬಂದಿದ್ದರೆ.

ಶುಕ್ರವಾರ: ಟೋರ್‌ಸ್ಟ್ರಾಸೆ, ಲೂಯಿಸನ್‌ಸ್ಟ್ರಾಸೆ, ಪಾಂಕೋ

ಟೋರ್‌ಸ್ಟ್ರಾಸೆ 1ನೇ ನಂಬರಿನ ಕಟ್ಟಡ ಮೂಲೆಯಲ್ಲಿ ಬಾಗಿ ನಿಂತಿದೆ. 1920ರ ದಶಕದ ಕೊನೆಯಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಆಗಿ ಕಟ್ಟಿದ್ದು. ಮಾಲೀಕರು ಯಹೂದಿಗಳು, ನಾತ್ಸಿಗಳು ಅವರಿಂದ ಕಸಿದುಕೊಂಡರು. 1946ರಲ್ಲಿ ಕಮ್ಯುನಿಸ್ಟರೂ ಸೋಷಲ್ ಡೆಮಾಕ್ರಾಟರೂ ಸೇರಿ ಸಮಾಜವಾದಿ ಏಕತಾ ಪಕ್ಷ ಆದಾಗ ಇದೇ ಪಕ್ಷದ ಕೇಂದ್ರ ಕಚೇರಿಯಾಯಿತು. ಈಗ ಸದಸ್ಯರಿಗೆ ಮಾತ್ರ ಎಂಬ ಐಷಾರಾಮಿ ಕ್ಲಬ್ಬು, ಜೊತೆಗೆ ಹೋಟೆಲು. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ.

ಆ ಕಚೇರಿಯ ಊಟದ ವ್ಯವಸ್ಥೆಯ ಬಗ್ಗೆ ಆಮೇಲೆ ಬರೆದವರು ವೋಲ್ಫ್‌ಗಾಂಗ್ ಲೆಯೊನ್‌ಹಾರ್ಡ್. ಮಾಸ್ಕೋದಲ್ಲಿ ಓದಿ ಬೆಳೆದ ಹುಡುಗ. 1945ರ ಏಪ್ರಿಲ್ 30ರಂದು ಜರ್ಮನ್ ಕಮ್ಯುನಿಸ್ಟ್ ನಾಯಕ ಉಲ್‌ಬ್ರಿಷ್ಟ್ ಅವರ ತಂಡದ ಜೊತೆ ಜರ್ಮನಿಗೆ ಬಂದವರು, ಪಕ್ಷದ ಶಾಲೆಯಲ್ಲಿ ಪಾಠ ಮಾಡಿದವರು, 1949ರಲ್ಲಿ ಯುಗೊಸ್ಲಾವಿಯಾಕ್ಕೆ ಓಡಿಹೋದವರು. ಕೇಂದ್ರ ಕಚೇರಿಯಲ್ಲಿ ಹುದ್ದೆಗೆ ತಕ್ಕ ಹಾಗೆ ಊಟ ಕೊಡುತ್ತಿದ್ದರು, ಹೊರಗಿನಿಂದ ಬಂದ ಸಂಗಾತಿಗಳು ಇದನ್ನು ಕಂಡು ದಂಗಾದರು ಎನ್ನುತ್ತಾರೆ ಅವರು. ನಾವು ಇದಕ್ಕೆ ಪಂಕ್ತಿಭೇದ ಅಂತೀವಿ. ಹಳೆಯ ಸಮಾಜದ ಪಂಕ್ತಿಭೇದ ಅಳಿಸುತ್ತೇವೆ ಎಂದು ಜೈಲಿಗೆ ಹೋಗಿ ಬಂದವರ ಮನೆಯಲ್ಲೇ ಹೊಸ ಪಂಕ್ತಿ ಶುರುವಾಗಿತ್ತು. ಮಾಸ್ಕೋದಲ್ಲಿ ಬೆಳೆದವರಿಗೆ ಅದು ಅಭ್ಯಾಸವಾಗಿತ್ತು, ಕಣ್ಣಿಗೇ ಬೀಳುತ್ತಿರಲಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

1947ರ ಅಕ್ಟೋಬರ್‌ನಲ್ಲಿ ಸೋವಿಯತ್ ಆಡಳಿತ 234ನೇ ನಂಬರಿನ ಆದೇಶ ತಂದಿತು. ಕಾರ್ಖಾನೆಗಳಲ್ಲಿ ಕಾರ್ಡಿಲ್ಲದೆ ಬಿಸಿಯೂಟ. ಒಳ್ಳೆಯದೇ ಆಯಿತು, ಎಷ್ಟೋ ಜನರ ಜೀವ ಉಳಿಯಿತು. ಆದರೆ ಅದರಲ್ಲೂ ಎ ಊಟ, ಬಿ ಊಟ ಎಂದು ಎರಡು ಥರ. ಪಕ್ಕಪಕ್ಕದಲ್ಲಿ ಕೆಲಸ ಮಾಡಿದವರು ಮಧ್ಯಾಹ್ನ ಬೇರೆ ಬೇರೆ ತಟ್ಟೆ ಹಿಡಿಯಬೇಕು.

ಅಲ್ಲಿಂದ ಲೂಯಿಸನ್‌ಸ್ಟ್ರಾಸೆ. ಶಾರಿಟೆ ಆಸ್ಪತ್ರೆಯ ಪಕ್ಕದ ರಸ್ತೆ. 1946ರಲ್ಲಿ ಇಲ್ಲಿನ ಒಂದು ಹಳೆಯ ಬಂಗಲೆಯಲ್ಲಿ ಸೋವಿಯತ್ ಅಧಿಕಾರಿಗಳು ಕಲಾವಿದರಿಗಾಗಿ ಡಿ ಮ್ಯೋವೆ ಎಂಬ ಕ್ಲಬ್ ತೆರೆದರು. ನಟರು, ಸಂಗೀತಗಾರರು ಬಂದು ಕೂಪನ್ ಇಲ್ಲದೆ ಬಿಸಿ ಊಟ ಮಾಡಬಹುದಿತ್ತು. ನಾಟಕದವರಿಗೆ ಊಟ ಹಾಕಿದ್ದನ್ನು ತಪ್ಪು ಅನ್ನಲಾರೆ. ಆದರೆ ಹಸಿದವನಿಗೆ ಊಟ ಕೊಟ್ಟು ಹತ್ತಿರ ಸೆಳೆಯುವುದು ರಾಜಕೀಯವೂ ಹೌದು.

ಮಧ್ಯಾಹ್ನ ಎಂ1 ಟ್ರಾಮ್ ಹತ್ತಿ ಪಾಂಕೋ ಕಡೆ ಹೋದೆ. ಮಾಯಕೋವ್ಸ್ಕಿರಿಂಗ್ ಮೊಟ್ಟೆಯಾಕಾರದ ರಸ್ತೆ. ಎರಡೂ ಕಡೆ ಹಳೆಯ ಶ್ರೀಮಂತರ ವಿಲ್ಲಾಗಳು. 1945ರಲ್ಲಿ ಸೋವಿಯತ್ ಸೇನೆ ಇದ್ದವರನ್ನು ಎಬ್ಬಿಸಿ ಮನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಪಕ್ಷದ ನಾಯಕರು ಬಂದರು: ವಿಲ್‌ಹೆಲ್ಮ್ ಪೀಕ್, ವಾಲ್ಟರ್ ಉಲ್‌ಬ್ರಿಷ್ಟ್, ಓಟೊ ಗ್ರೋಟೆವೋಲ್. ಸುತ್ತ ಬೇಲಿ, ಗೇಟಿನಲ್ಲಿ ಕಾವಲು, ಪಾಸ್ ಇಲ್ಲದವರಿಗೆ ಪ್ರವೇಶವಿಲ್ಲ. ಈಗ ಲಿಂಡನ್ ಮರಗಳ ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಪೀಕ್ ಇದ್ದ 29ನೇ ನಂಬರಿನ ಮನೆ ಇನ್ನೂ ಇದೆ.

ಪೀಕ್, ಉಲ್‌ಬ್ರಿಷ್ಟ್ ಇಬ್ಬರೂ ಬಡಗಿ ಕೆಲಸ ಕಲಿತವರು. ಗ್ರೋಟೆವೋಲ್ ಮುದ್ರಣಾಲಯದ ಕೆಲಸ ಕಲಿತವರು. ಕೂಲಿಯವರ ಮನೆಯ ಊಟ ಹೇಗಿರುತ್ತೆ ಅಂತ ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗಿದ್ದೂ 1946-47ರ ಆ ಭೀಕರ ಚಳಿಗಾಲದಲ್ಲಿ ಬರ್ಲಿನ್ ಜನ ಪಾರ್ಕಿನ ಮರ ಕಡಿದು ಒಲೆ ಹಚ್ಚುತ್ತಿದ್ದಾಗ, ಇವರು ಬೇಲಿಯ ಒಳಗಿದ್ದರು. ಬಡಿಸುವವರು ನಮ್ಮವರಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅಂತ ನಮ್ಮಲ್ಲಿ ಮಾತಿದೆ. ಇಲ್ಲಿ ಬಡಿಸುವವರು ನಮ್ಮವರೇ ಎಂದು ಕಾರ್ಮಿಕರು ನಂಬಿದ್ದರು.

ಪಕ್ಕದಲ್ಲೇ ಶ್ಯೋನ್‌ಹೌಸನ್ ಅರಮನೆ. 1949ರಲ್ಲಿ ಪೂರ್ವ ಜರ್ಮನಿ ಬೇರೆ ದೇಶವಾಗಿ ಪೀಕ್ ಅದರ ರಾಷ್ಟ್ರಾಧ್ಯಕ್ಷರಾದಾಗ ಇದು ಅವರ ಕಚೇರಿಯಾಯಿತು. ಅವರ ಓದಿನ ಕೋಣೆಯನ್ನು ಹಾಗೇ ಉಳಿಸಿದ್ದಾರೆ. ಬೇಗ ನೋಡಿ ಹೊರಬಂದೆ.

ಶನಿವಾರ: ಲೈಪ್‌ಜಿಗರ್ ಸ್ಟ್ರಾಸೆ

ತಂಗಿಗೆ ರಜೆ, ಜೊತೆಗೆ ಬಂದಳು. ಹಿಂದೆ ಹಿಟ್ಲರನ ಸಚಿವ ಗೋರಿಂಗ್‌ನ ವಾಯುಪಡೆ ಸಚಿವಾಲಯವಾಗಿದ್ದ ಭಾರಿ ಕಟ್ಟಡ. ಪೂರ್ವ ಜರ್ಮನಿಯ ಕಾಲಕ್ಕೆ ಸಚಿವಾಲಯಗಳ ಭವನ, ಈಗ ಹಣಕಾಸು ಇಲಾಖೆ. ಕಂಬಗಳ ಹಿಂದಿನ ಗೋಡೆಯ ಮೇಲೆ ಮಾಕ್ಸ್ ಲಿಂಗ್ನರ್ ಅವರ ಉದ್ದನೆಯ ಚಿತ್ರವಿದೆ, ಮೈಸನ್ ಪಿಂಗಾಣಿ ಬಿಲ್ಲೆಗಳ ಮೇಲೆ ಮಾಡಿದ್ದು. ಕಾರ್ಮಿಕರು, ರೈತರು, ಬಾವುಟ ಹಿಡಿದ ಯುವಕರು, ಎಲ್ಲರ ಮುಖದಲ್ಲೂ ನಗು. ಕೆಲಸ ಮುಗಿದದ್ದು 1953ರ ಶುರುವಿನಲ್ಲಿ.

ಅದೇ ವರ್ಷ ಏಪ್ರಿಲ್‌ನಲ್ಲಿ ಸರ್ಕಾರ ಸುಮಾರು 20 ಲಕ್ಷ ಜನರ ರೇಷನ್ ಕಾರ್ಡು ಕಿತ್ತುಕೊಂಡಿತು. ಖಾಸಗಿ ವ್ಯಾಪಾರಿಗಳು, ಸ್ವಂತ ಕಸುಬಿನವರು, ಬಾಡಿಗೆ ಮನೆಗಳ ಮಾಲೀಕರು ಇಂಥವರದು. ಬೇಕಿದ್ದರೆ ಎಚ್‌ಒ ಅಂಗಡಿಯಲ್ಲಿ ಕೊಂಡುಕೊಳ್ಳಿ ಎಂದಿತು. ಎಚ್‌ಒ ಎಂದರೆ ಸರ್ಕಾರದ್ದೇ ಅಂಗಡಿ. ಮೊದಲನೆಯದು 1948ರ ನವೆಂಬರ್‌ನಲ್ಲಿ ಫ್ರಾಂಕ್‌ಫುರ್ಟರ್ ಅಲೆ ಎಂಬ ರಸ್ತೆಯಲ್ಲಿ ತೆರೆಯಿತು. ಅಲ್ಲಿ ಕೂಪನ್ ಬೇಡ, ಆದರೆ ಬೆಲೆ ಕಾರ್ಡಿನ ಬೆಲೆಯ ಎಷ್ಟೋ ಪಟ್ಟು. ಕಾರ್ಡು ಕಳೆದುಕೊಂಡವರು ಅಲ್ಲಿಗೇ ಹೋಗಬೇಕು. ಜೊತೆಗೆ ಮಾಂಸದ, ಜ್ಯಾಮಿನ ಬೆಲೆ ಏರಿತು. ಮೇ ಕೊನೆಯಲ್ಲಿ ಅದೇ ಕೂಲಿಗೆ ಶೇಕಡಾ 10ರಷ್ಟು ಜಾಸ್ತಿ ಕೆಲಸ ಮಾಡಬೇಕು ಎಂಬ ಆದೇಶ ಬಂತು.

ಜೂನ್ 11ರಂದು ಸರ್ಕಾರ ಹಿಂದೆ ಸರಿಯಿತು. ಕಾರ್ಡು ವಾಪಸ್ ಕೊಡುತ್ತೇವೆ, ಬೆಲೆ ಇಳಿಸುತ್ತೇವೆ ಎಂದಿತು. ಕೆಲಸದ ಪ್ರಮಾಣ ಮಾತ್ರ ಇಳಿಸಲಿಲ್ಲ. ಜೂನ್ 16ರಂದು ಸ್ಟಾಲಿನ್ ಅಲೆ ರಸ್ತೆಯ ಕಟ್ಟಡ ಕಾರ್ಮಿಕರು ಉಪಕರಣ ಕೆಳಗಿಟ್ಟು ಇದೇ ಭವನಕ್ಕೆ ನಡೆದು ಬಂದರು. ಮರುದಿನ ದೇಶದ ನೂರಾರು ಊರುಗಳಲ್ಲಿ ಜನ ಬೀದಿಗಿಳಿದರು. ಸೋವಿಯತ್ ಟ್ಯಾಂಕುಗಳು ಬಂದವು, ಜನ ಸತ್ತರು.

ಚಿತ್ರದ ಮುಂದಿನ ಅಂಗಳದಲ್ಲಿ, ನೆಲದೊಳಗೆ ಗಾಜಿನ ಕೆಳಗೆ ಇನ್ನೊಂದು ಚಿತ್ರವಿದೆ. ಆ ದಿನ ಮೆರವಣಿಗೆಯಲ್ಲಿ ನಡೆದವರ ಕಪ್ಪು-ಬಿಳುಪು ಫೋಟೊ. ವೋಲ್ಫ್‌ಗಾಂಗ್ ರ್ಯುಪ್ಪೆಲ್ ಎಂಬ ಕಲಾವಿದ 2000ದಲ್ಲಿ ಮಾಡಿದ್ದು. ಕೈ ಕೈ ಹಿಡಿದ ಗಂಡಸರು, ನಮ್ಮ ಕಡೆಗೇ ನಡೆದು ಬರುತ್ತಿದ್ದಾರೆ. ಹತ್ತಿರ ಬಗ್ಗಿದರೆ ಮುಖ ಕರಗಿ ಬರೀ ಚುಕ್ಕೆ ಕಾಣುತ್ತೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಮತ್ತೆ ಮನುಷ್ಯರು. ತಂಗಿ ತುಂಬಾ ಹೊತ್ತು ಅಲ್ಲೇ ಹಿಂದೆ ಮುಂದೆ ನಡೆದು ನೋಡಿದಳು.

ಆ ಬೇಸಿಗೆಯಲ್ಲಿ ಅಮೆರಿಕ ಪಶ್ಚಿಮ ಬರ್ಲಿನ್‌ನಲ್ಲಿ ಆಹಾರದ ಪೊಟ್ಟಣ ಹಂಚಿತು. 50 ಲಕ್ಷಕ್ಕೂ ಹೆಚ್ಚು ಪೊಟ್ಟಣ. ಪೂರ್ವದ ಜನ ಗಡಿ ದಾಟಿ ಕ್ಯೂ ನಿಂತರು. ಪೂರ್ವದ ಪೊಲೀಸರು ವಾಪಸ್ ಬರುವಾಗ ಕಿತ್ತುಕೊಂಡದ್ದೂ ಉಂಟು. ಅಮೆರಿಕ ಸುಮ್ನೆ ಕರುಣೆಯಿಂದ ಕೊಡಲಿಲ್ಲ, ಅದು ಶೀತಲ ಯುದ್ಧದ ಲೆಕ್ಕ. ಆದರೆ ಒಯ್ದ ತಾಯಿಗೆ ಅದು ಹಂದಿ ತುಪ್ಪ, ಹಾಲಿನ ಡಬ್ಬಿ.

ಭಾನುವಾರ: ಮಾವರ್‌ಪಾರ್ಕ್ ಸಂತೆ

ಭಾನುವಾರ ಮಾವರ್‌ಪಾರ್ಕ್‌ನಲ್ಲಿ ಹಳೆ ಸಾಮಾನಿನ ಸಂತೆ. ಹಳೆಯ ಪೋಸ್ಟ್‌ಕಾರ್ಡ್, ನಾಣ್ಯ ಮಾರುವ ಮೇಜೊಂದರಲ್ಲಿ ರೇಷನ್ ಕಾರ್ಡು ಸಿಕ್ಕಿತು. ತೆಳು, ಒರಟು ಕಾಗದ. ಕ್ಯಾಲೆಂಡರಿನ ಹಾಗೆ ಚಿಕ್ಕ ಚಿಕ್ಕ ಚೌಕ. ಒಂದೊಂದರಲ್ಲೂ ಸಾಮಾನಿನ ಹೆಸರು, ಗ್ರಾಂ ಲೆಕ್ಕ. ಮೂರು ಚೌಕ ಕತ್ತರಿಸಿ ಹೋಗಿದ್ದವು. ಕತ್ತರಿ ಒಂದು ಕಡೆ ವಾಲಿ ಪಕ್ಕದ ಚೌಕದ ಅಂಚನ್ನೂ ಸ್ವಲ್ಪ ತಿಂದಿತ್ತು.

ಮಾರುತ್ತಿದ್ದ ಹಿರಿಯರು ವಿವರಿಸಿದರು. ಅಂಗಡಿಯವನು ಚೌಕ ಕತ್ತರಿಸಿಕೊಳ್ಳುತ್ತಿದ್ದ. ರಾತ್ರಿ ಮನೆಮಂದಿಯೆಲ್ಲ ಕೂತು ಆ ಚೂರುಗಳನ್ನು ದೊಡ್ಡ ಹಾಳೆಗೆ ಅಂಟಿಸಬೇಕು. ಹಾಳೆ ಕೊಟ್ಟರೆ ಮಾತ್ರ ಮುಂದಿನ ಮಾಲು. ಕಾರ್ಡು ಕಳೆದರೆ ಆ ತಿಂಗಳ ಕಥೆ ಮುಗಿದಂತೆ. ಪಶ್ಚಿಮ ಜರ್ಮನಿಯಲ್ಲಿ ರೇಷನ್ 1950ರಲ್ಲಿ ಮುಗಿಯಿತು, ಪೂರ್ವದಲ್ಲಿ 1958ರ ಮೇ ಕೊನೆಯವರೆಗೂ ನಡೆಯಿತು. ಎಂಟು ವರ್ಷದ ವ್ಯತ್ಯಾಸ, ಅದೂ ಒಂದೇ ದೇಶವಾಗಿದ್ದ ಎರಡು ಭಾಗಗಳಲ್ಲಿ. ಕಾರ್ಡನ್ನು ಕೊಂಡುಕೊಂಡೆ.

ಸೋಮವಾರ: ವಾಂಡ್ಲಿಟ್ಸ್ ಕಾಡು, ಲೋಬೆಟಾಲ್

ಎಸ್2 ರೈಲಿನ ಕೊನೆಯ ನಿಲ್ದಾಣ ಬೆರ್ನಾವ್. ಅಲ್ಲಿಂದ ಬಸ್ಸು. ತಂಗಿ ರಜೆ ಹಾಕಿ ಬಂದಿದ್ದಳು. ಪೈನ್ ಮರಗಳ ನಡುವೆ ಈಗ ದೊಡ್ಡ ಪುನಶ್ಚೇತನ ಆಸ್ಪತ್ರೆ ಇದೆ. ಮಂಡಿ ಆಪರೇಷನ್ ಆದವರು ಊರುಗೋಲು ಹಿಡಿದು ವಾಕಿಂಗ್ ಮಾಡುತ್ತಿದ್ದರು. ಅವರು ನಡೆಯುತ್ತಿದ್ದ ದಾರಿಯಲ್ಲೇ ಇತಿಹಾಸದ ಫಲಕಗಳಿವೆ.

1956ರಲ್ಲಿ ಹಂಗೇರಿಯಲ್ಲಿ ಜನ ದಂಗೆ ಎದ್ದರು. ಪಾಂಕೋದ ಬೇಲಿ ಸಾಲದು ಎಂದು ನಾಯಕರಿಗೆ ಅನ್ನಿಸಿತು. 1958ರಿಂದ ಇಲ್ಲಿ 23 ಮನೆ ಕಟ್ಟಿದರು, 1960ರಲ್ಲಿ ಪಕ್ಷದ ಅತ್ಯುನ್ನತ ಮಂಡಳಿಯಾದ ಪಾಲಿಟ್‌ಬ್ಯೂರೋದವರು ಸಂಸಾರ ಸಮೇತ ಬಂದರು. ಒಳಗೊಂದು ಹಸಿರು ಬಣ್ಣದ ಗೋಡೆ, ಹೊರಗೆ ಇನ್ನೊಂದು ಬೇಲಿ. ಬೇಲಿಯ ಮೇಲೆ ಇದು ವನ್ಯಜೀವಿ ಸಂಶೋಧನಾ ಪ್ರದೇಶ ಎಂಬ ಬೋರ್ಡು. ಒಳಗಡೆ ಕ್ಲಬ್, ಈಜುಕೊಳ, ಸಿನಿಮಾ, ಮತ್ತು ಅಂಗಡಿ.

ಆ ಅಂಗಡಿಯಲ್ಲಿ ಪಶ್ಚಿಮದ ಹಣ್ಣು, ಚಾಕೊಲೇಟು, ಸೋಪು, ಟೇಪ್ ರೆಕಾರ್ಡರ್ ಎಲ್ಲ ಸಿಗುತ್ತಿತ್ತು, ಅದೂ ಪೂರ್ವ ಜರ್ಮನಿಯ ದುಡ್ಡಿಗೆ. ಅದಕ್ಕೆ ಬೇಕಾದ ಪಶ್ಚಿಮ ಜರ್ಮನಿಯ ಹಣ ಡಾಯ್ಚ್ ಮಾರ್ಕನ್ನು ಅಲೆಕ್ಸಾಂಡರ್ ಶಾಲ್ಕ್-ಗೊಲೊಡ್ಕೋವ್ಸ್ಕಿ ನಡೆಸುತ್ತಿದ್ದ ವಿದೇಶಿ ವ್ಯಾಪಾರದ ಇಲಾಖೆ ಹೊಂದಿಸುತ್ತಿತ್ತು. ಅದೇ ಕಾಲದಲ್ಲಿ ಹೊರಗಡೆ ಬಾಳೆಹಣ್ಣು ಬಂತು ಅಂದರೆ ಬೀದಿಯುದ್ದ ಕ್ಯೂ. 1977ರಲ್ಲಿ ಕಾಫಿ ಬೆಲೆ ಜಗತ್ತಿನಲ್ಲೆಲ್ಲ ಏರಿದಾಗ ಸರ್ಕಾರ ಕಾಫಿ-ಮಿಕ್ಸ್ ಎಂಬುದನ್ನು ತಂದಿತು. ಕಾಫಿ ಶೇಕಡಾ 51, ಉಳಿದದ್ದು ಬಟಾಣಿ, ರೈ, ಬಾರ್ಲಿ, ಬೀಟ್. ಹೋಟೆಲ್ ಮೆಷಿನ್ನುಗಳು ಕಟ್ಟಿಕೊಂಡವು, ಜನ ದೂರು ಬರೆದು ಬರೆದು ಸರ್ಕಾರಕ್ಕೆ ಸಾಕಾಯಿತು. ಚಿಕೋರಿ ಬೆರೆಸಿದ ಕಾಫಿ ಕುಡಿದೇ ಬೆಳೆದ ನನಗೂ ಬಟಾಣಿ ಕಾಫಿಯ ರುಚಿ ಊಹೆಗೆ ಬರಲಿಲ್ಲ.

ಮನೆಗಳನ್ನು ಒಂದೊಂದಾಗಿ ನೋಡಿಕೊಂಡು ಹೋದೆವು. ಉಲ್‌ಬ್ರಿಷ್ಟ್ ನಂತರ ಪೂರ್ವ ಜರ್ಮನಿಯನ್ನು ಆಳಿದ ಎರಿಕ್ ಹೊನೆಕರ್ ಇದ್ದದ್ದು 11ನೇ ನಂಬರಿನಲ್ಲಿ. ಎರಡಂತಸ್ತಿನ, ಸಪ್ಪೆ ಮನೆ. ತಂಗಿ ನಿಂತುಬಿಟ್ಟಳು.

"ಇಷ್ಟೇನಾ? ನಮ್ಮೂರಲ್ಲಿ ಕಂಟ್ರಾಕ್ಟರ್ ಮನೆ ಇದಕ್ಕಿಂತ ದೊಡ್ಡದಿರುತ್ತೆ."

1989ರ ನವೆಂಬರ್ ಕೊನೆಯಲ್ಲಿ ಟಿವಿ ಕ್ಯಾಮೆರಾ ಮೊದಲ ಸಲ ಒಳಗೆ ಬಂದಾಗ ನೋಡಿದ ಎಷ್ಟೋ ಜನ ಇದನ್ನೇ ಅಂದರು. ಅರಮನೆ ಇರುತ್ತೆ ಅಂದುಕೊಂಡಿದ್ದರು. ಆದರೂ ಸಿಟ್ಟು ಇಳಿಯಲಿಲ್ಲ, ಜಾಸ್ತಿಯಾಯಿತು. ಯಾಕೆ ಅಂತ ನನಗೆ ಅರ್ಥವಾಗುತ್ತೆ. ಅದು ಚಿನ್ನದ ತಟ್ಟೆಯ ಸಿಟ್ಟಲ್ಲ. ಕಷ್ಟ ಎಲ್ಲರಿಗೂ ಇದೆ, ಸಹಿಸಿಕೊಳ್ಳಿ ಎಂದು ಪ್ರತಿದಿನ ಹೇಳಿದವರು ಒಂದು ಕಿತ್ತಳೆಗೂ ಕ್ಯೂ ನಿಂತಿರಲಿಲ್ಲ, ಅದನ್ನು ಕಾಡಿನಲ್ಲಿ ಮುಚ್ಚಿಟ್ಟಿದ್ದರು. ಕ್ಯೂನಲ್ಲಿ ಒಮ್ಮೆಯೂ ನಿಲ್ಲದವರಿಗೆ ಕ್ಯೂ ಎಷ್ಟು ಉದ್ದ ಇದೆ ಅಂತ ಗೊತ್ತಾಗುವುದು ಹೇಗೆ? ಹೊನೆಕರ್ ನಾತ್ಸಿಗಳ ಜೈಲಿನಲ್ಲಿ ವರ್ಷಗಟ್ಟಲೆ ಇದ್ದು 1945ರಲ್ಲಿ ಹೊರಬಂದವರು. ಜೈಲಿನ ಹಸಿವು ಉಂಡ ಮನುಷ್ಯ. ಅವರ ಮನೆ ಮುಂದೆ ನಿಂತಾಗ ನನಗೆ ಸಿಟ್ಟಿನಷ್ಟೇ ದುಃಖವೂ ಆಯಿತು.

ಲೋಬೆಟಾಲ್ ಇಲ್ಲಿಂದ ದೂರವಿಲ್ಲ. ಮನೆಯಿಲ್ಲದವರಿಗಾಗಿ 1905ರಲ್ಲಿ ಶುರುವಾದ ಚರ್ಚಿನ ಆಶ್ರಮ. ಅಧಿಕಾರ ಹೋಗಿ, ಕಾಡಿನ ಮನೆಯೂ ಹೋಗಿ, ಕ್ಯಾನ್ಸರ್ ಆಪರೇಷನ್ ಮುಗಿಸಿದ್ದ ಹೊನೆಕರ್ ದಂಪತಿಗೆ 1990ರ ಜನವರಿ ಕೊನೆಯಲ್ಲಿ ಉಳಿಯಲು ಜಾಗವಿರಲಿಲ್ಲ. ಇಲ್ಲಿನ ಪಾದ್ರಿ ಊವೆ ಹೋಲ್ಮರ್ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಪಾದ್ರಿಯ ಮಕ್ಕಳು ಎನ್ನುವ ಕಾರಣಕ್ಕೆ ಹೋಲ್ಮರ್ ಅವರ ಮಕ್ಕಳಿಗೆ ಪ್ರೌಢ ಶಿಕ್ಷಣದ ಬಾಗಿಲು ಮುಚ್ಚಿತ್ತು. ಶಿಕ್ಷಣ ಸಚಿವೆಯಾಗಿದ್ದವರು ಇದೇ ಮಾರ್ಗೋಟ್ ಹೊನೆಕರ್. ಗೇಟಿನ ಮುಂದೆ ಜನ ಕೂಗಾಡಿದರು, ಬೈಗುಳದ ಪತ್ರಗಳು ಬಂದವು. ಏಪ್ರಿಲ್ ಶುರುವಿನಲ್ಲಿ ಹೊನೆಕರ್ ದಂಪತಿ ಬೀಲಿಟ್ಸ್‌ನ ಸೋವಿಯತ್ ಸೇನಾ ಆಸ್ಪತ್ರೆಗೆ ಹೋದರು.

ವಾಪಸ್ ಬರುವ ಬಸ್ಸಿನಲ್ಲಿ ತಂಗಿ ಜಗಳಕ್ಕೇ ಬಂದಳು. ಕಾಡಿನ ಅಂಗಡಿ ದೊಡ್ಡ ವಿಷಯವೇ ಅಲ್ಲ, 1945ರ ಐದನೇ ಕಾರ್ಡೇ ದೊಡ್ಡ ಅನ್ಯಾಯ, ಮನೆಗೆಲಸ ಮಾಡಿದ ಹೆಂಗಸನ್ನು ಕೆಲಸವಿಲ್ಲದವಳು ಎಂದು ಬರೆದಿಟ್ಟರಲ್ಲ ಎಂದಳು. ಐದನೇ ಕಾರ್ಡನ್ನು 1947ರಲ್ಲೇ ಕೈಬಿಟ್ಟರು, ಕಾಡಿನ ಅಂಗಡಿ 1989ರವರೆಗೂ ನಡೆಯಿತು ಎಂದೆ ನಾನು. ಅವಳು ಒಪ್ಪಲಿಲ್ಲ. ಬೆರ್ನಾವ್ ಬರುವವರೆಗೂ ವಾದ ನಡೆಯಿತು. ಮುಂದಿನ ಸಲ ಐಸನ್‌ಹ್ಯುಟನ್‌ಸ್ಟಾಟ್‌ಗೆ ಹೋಗೋಣ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ಮಾತು. ಉಕ್ಕಿನ ಕಾರ್ಖಾನೆಯವರಿಗಾಗಿ ಕಟ್ಟಿದ ಊರು ಅದು, ಹಿಂದೆ ಸ್ಟಾಲಿನ್‌ಸ್ಟಾಟ್ ಎಂದಿತ್ತು. ಪೂರ್ವ ಜರ್ಮನಿಯ ದಿನನಿತ್ಯದ ಬದುಕಿನ ಮ್ಯೂಸಿಯಂ ಅಲ್ಲಿದೆ. ನಾಯಕರ ಮನೆ ನೋಡಿದ್ದು ಸಾಕು, ಕ್ಯೂ ನಿಂತವರ ಅಡುಗೆಮನೆ ನೋಡಬೇಕು.